ಎತ್ತರದ ಬೇನೆಯೂ ನಮ್ಮ ಯಾತ್ರಿಕರೂ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಭಿತ್ತಿಯಲ್ಲಿ ರಾವಣನು ಕೈಲಾಸವನ್ನೆತ್ತುತ್ತಿರುವ ಶಿಲ್ಪವನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಬೇಲೂರಿನಲ್ಲಿಯೂ ಇದೇ ಪ್ರಸಂಗವನ್ನು ಶಿಲ್ಪಿಗಳು ಕಡೆದಿದ್ದಾರೆ. ಹನ್ನೆರಡನೆಯ ಶತಮಾನದ ಆ ರೂವಾರಿಗಳಿಗೆ ಕೈಲಾಸವು ಧ್ಯಾನಗಮ್ಯವಾಗಿತ್ತೇ ಹೊರತು ಪಾದಗಮ್ಯವಾಗಿರಲಿಲ್ಲ. ಇಂದು ಹಾಗಲ್ಲ. ಅರಸೀಕೆರೆಯ ನಿಲ್ದಾಣದಲ್ಲಿ ರೈಲು ಹತ್ತಿದ ಗೃಹಸ್ಥನು ಬೆಂಗಳೂರಿನಿಂದ ವಿಮಾನವನ್ನೇರಿ ಕೆಲವೇ ದಿನಗಳೊಳಗೆ ಮಾನಸಸರೋವರದ ದಡದಲ್ಲಿ ನಿಂತಿರಬಹುದು. ಕೇದಾರಕ್ಕೂ ಅಮರನಾಥಕ್ಕೂ ಪ್ರತಿವರ್ಷವೂ ನಮ್ಮ ಊರುಗಳಿಂದ ಸಂಸಾರ ಸಮೇತರಾಗಿ ಹೊರಡುವವರಿದ್ದಾರೆ. ತರುಣರು ಲಡಾಖಕ್ಕೂ ನೇಪಾಳದ ಗಿರಿಶಿಖರಗಳಿಗೂ ಹೋಗುತ್ತಾರೆ. ಹೀಗೆ ಹೋಗುವವರು ಉಣ್ಣೆಯ ಬಟ್ಟೆ, ಚಕ್ಕುಲಿ ಕೋಡುಬಳೆ, ಅಮೃತಾಂಜನ ಮೊದಲಾದುವನ್ನು ಎಚ್ಚರದಿಂದ ಕಟ್ಟಿಕೊಳ್ಳುತ್ತಾರೆ. ಆದರೆ ಆ ಎತ್ತರದಲ್ಲಿ ಕಾದಿರತಕ್ಕ ಒಂದು ಬೇನೆಯ ವಿಷಯದಲ್ಲಿ ಮಾತ್ರ ಬಹು ಜನಕ್ಕೆ ಸರಿಯಾದ ತಿಳಿವಳಿಕೆಯಿಲ್ಲ. ಅದು ಯಾರಿಗೆ ತಗಲುತ್ತದೆ, ಯಾರಿಗೆ ತಗಲುವುದಿಲ್ಲ ಎಂಬ ವಿಷಯದಲ್ಲಂತೂ ತಪ್ಪು ಕಲ್ಪನೆಗಳೇ ಹೆಚ್ಚು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಾಲೇಕಲ್ಲು ತಿರುಪತಿಯ ಮೆಟ್ಟಲುಗಳನ್ನು ಹತ್ತುವಾಗಲೋ ಹಳೇಬೀಡಿನ ಬಳಿಯ ಪುಷ್ಪಗಿರಿಯನ್ನೇರುವಾಗಲೋ ನಮಗೆ ಬರುವ ಏದುಸಿರು ಈ ಬೇನೆಯಲ್ಲ. ಅದು ಕಾಲಿನ ಶ್ರಮದ ಫಲ. ಐದು ನಿಮಿಷ ಕುಳಿತು ನೀರು ಕುಡಿದರೆ ಇಳಿದುಹೋಗುವುದು. ಅರಸೀಕೆರೆ, ಹಳೇಬೀಡು, ಬೇಲೂರು ಈ ಮೂರೂ ಊರುಗಳು ಸಮುದ್ರಮಟ್ಟದಿಂದ ಸುಮಾರು 2,600ರಿಂದ 3,200 ಅಡಿಗಳಷ್ಟು ಮಾತ್ರ ಎತ್ತರದಲ್ಲಿವೆ. ಕರ್ನಾಟಕದಲ್ಲಿಯೇ ಅತ್ಯುನ್ನತವಾದ ನಮ್ಮ ನೆರೆಯ ಮುಳ್ಳಯ್ಯನಗಿರಿಯ ನೆತ್ತಿಯೂ 6,330 ಅಡಿಗಳನ್ನು ಮೀರದು. ಎತ್ತರದ ಬೇನೆಯು ಸಾಮಾನ್ಯವಾಗಿ ತಲೆದೋರುವುದು ಸುಮಾರು 8,000 ಅಡಿಗಳ ಮೇಲೆ. ಆದ್ದರಿಂದ, “ನಾವು ಮಲೆಯ ಮಗ್ಗುಲಿನವರು, ಬೆಟ್ಟ ನಮಗೆ ಹೊಸತೇ?” ಎಂಬ ಮಾತು ಹಿಮಾಲಯದಲ್ಲಿ ನಡೆಯದು.

ವಾಯುವಿನಲ್ಲಿ ಪ್ರಾಣಾಧಾರವಾದ ಆಮ್ಲಜನಕದ ಪ್ರಮಾಣವು ಎಲ್ಲ ಕಡೆಯಲ್ಲಿಯೂ ನೂರಕ್ಕೆ 21ರಷ್ಟೇ ಇದೆ. ಎತ್ತರಕ್ಕೆ ಹೋದಂತೆ ಕಡಮೆಯಾಗುವುದು ಆ ಪ್ರಮಾಣವಲ್ಲ, ವಾಯುವಿನ ಭಾರ. ನಮ್ಮ ಮೇಲೆ ನಿಂತಿರುವ ವಾಯುರಾಶಿಯು ತೆಳುವಾದಂತೆಲ್ಲ ಒಂದೊಂದು ಉಸಿರಿನಲ್ಲಿಯೂ ಒಳಕ್ಕೆ ಸೇರುವ ಆಮ್ಲಜನಕವು ಕುಗ್ಗುತ್ತದೆ. ಸಮುದ್ರತೀರದಲ್ಲಿ ನೂರು ಪಾಲು ದೊರೆತರೆ ನಮ್ಮ ಅರಸೀಕೆರೆಯಲ್ಲಿ ಸುಮಾರು 90 ಪಾಲು, 11,500 ಅಡಿಗಳ ಲೇಹ್ ನಗರದಲ್ಲಿ 65 ಪಾಲು, 15,000 ಅಡಿಗಳ ಮಾನಸಸರೋವರದ ಬಳಿ 57 ಪಾಲು ದೊರೆಯುತ್ತದೆ. ಕೈಲಾಸ ಪ್ರದಕ್ಷಿಣೆಯ ದಾರಿಯಲ್ಲಿ 18,500 ಅಡಿಗಳ ಡೋಲ್ಮಾ ಕಣಿವೆಯನ್ನು ದಾಟುವಾಗ ಸರಿಯಾಗಿ ಅರ್ಧ. ಅರ್ಧ ಹೊಟ್ಟೆಯೂಟವನ್ನು ಕೆಲವು ದಿನ ಸಹಿಸಬಹುದು. ಅರ್ಧ ಉಸಿರಿನ ಸಂಗತಿ ಬೇರೆ.

ದೇಹವು ಈ ಕೊರತೆಯನ್ನು ಕಂಡು ಸುಮ್ಮನಿರುವುದಿಲ್ಲ. ಉಸಿರಾಟವು ಆಳವೂ ಶೀಘ್ರವೂ ಆಗುತ್ತದೆ, ಹೃದಯವು ಬೇಗಬೇಗನೆ ಮಿಡಿಯುತ್ತದೆ. ಹೀಗೆ ಹೆಚ್ಚಾಗಿ ಉಸಿರಾಡಿದಾಗ ರಕ್ತದಲ್ಲಿರುವ ಇಂಗಾಲಾಮ್ಲವು ಅಧಿಕವಾಗಿ ಹೊರಬಿದ್ದು ರಕ್ತದಲ್ಲಿ ಕ್ಷಾರಗುಣವು ಹೆಚ್ಚುತ್ತದೆ. ಆಗ ಉಸಿರಾಟವನ್ನು ನಡೆಸುವ ಮಿದುಳಿನ ಕೇಂದ್ರವು “ಸಾಕು” ಎಂದು ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಆ ಕ್ಷಾರವನ್ನು ಮೆಲ್ಲಮೆಲ್ಲನೆ ಹೊರಹಾಕಿದ ಮೇಲೆಯೇ ಆ ಕಡಿವಾಣವು ಸಡಿಲವಾಗುವುದು. ಈ ಕೆಲಸಕ್ಕೆ ಕೆಲವು ದಿನಗಳು ಬೇಕು. ರಕ್ತಕಣಗಳು ವೃದ್ಧಿಹೊಂದುವುದಕ್ಕೆ ವಾರಗಳೇ ಬೇಕು. ದೇಹಕ್ಕೆ ಈ ಕಾಲಾವಕಾಶವನ್ನು ಕೊಡದೆ ಮೇಲೆ ಹತ್ತಿದವನಿಗೆ ಬರುವುದೇ ಎತ್ತರದ ಬೇನೆ.

ಅದರ ಮೊದಲ ಗುರುತು ತಲೆನೋವು. ಅದರೊಡನೆ ಅನ್ನದ್ವೇಷ, ಓಕರಿಕೆ, ತಲೆಸುತ್ತು, ಮೈಯಲ್ಲಿ ಬಲವಿಲ್ಲದಿರುವಿಕೆ ಇವುಗಳಲ್ಲಿ ಒಂದೋ ಎರಡೋ ಸೇರುತ್ತವೆ. ಏರಿದ ಕೆಲವು ಘಂಟೆಗಳಲ್ಲಿ, ಹೆಚ್ಚಾಗಿ ಮೊದಲ ರಾತ್ರಿಯಲ್ಲಿ ಇದು ತೋರುತ್ತದೆ. ಅಲ್ಲಿಯೇ ನಿಂತು ವಿಶ್ರಮಿಸಿದರೆ ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಶಮನವಾಗುವುದು. ನಿಲ್ಲದೆ ಮುಂದುವರಿದರೆ ಕೆಲವರಲ್ಲಿ ಅದು ಎರಡು ಘೋರರೂಪಗಳನ್ನು ತಾಳಬಹುದು. ಒಂದರಲ್ಲಿ ಮಿದುಳು ಬಾತು ರೋಗಿಯು ಕುಡಿದವನಂತೆ ತೂರಾಡುತ್ತಾನೆ, ಅಸಂಬದ್ಧವಾಗಿ ನುಡಿಯುತ್ತಾನೆ, ಕಡೆಗೆ ಎಚ್ಚರದಪ್ಪುತ್ತಾನೆ. ಮತ್ತೊಂದರಲ್ಲಿ ಶ್ವಾಸಕೋಶಗಳೊಳಗೆ ನೀರು ಒಸರಿ, ಕುಳಿತಲ್ಲಿಯೇ ಏದುಸಿರು ಬಂದು, ಕೆಮ್ಮಿದಾಗ ನೊರೆನೊರೆಯಾಗಿ ನಸುಗೆಂಪು ಕಫ ಬೀಳುತ್ತದೆ. ಈ ಎರಡನೆಯದು ತಲೆನೋವಿನ ಮುನ್ಸೂಚನೆಯಿಲ್ಲದೆಯೂ ಬರಬಹುದು. ಸಾಮಾನ್ಯವಾಗಿ ಹೊಸ ಎತ್ತರದ ಎರಡನೆಯ ರಾತ್ರಿಯಿಂದ ನಾಲ್ಕನೆಯ ರಾತ್ರಿಯೊಳಗೆ. ಎರಡೂ ಒಂದೆರಡು ದಿನಗಳೊಳಗೆ ಪ್ರಾಣಾಪಹಾರಿಗಳು.

ಹಾಗಾದರೆ ಈ ಬೇನೆ ಯಾರಿಗೆ ತಗಲುತ್ತದೆ? ನಮ್ಮ ಮನೆಗಳಲ್ಲಿ ಇದಕ್ಕೆ ಸಿದ್ಧವಾದ ಉತ್ತರಗಳಿವೆ. ಮುದುಕರಿಗೆ, ಹೆಂಗಸರಿಗೆ, ಬಲಹೀನರಿಗೆ, ವ್ಯಾಯಾಮವಿಲ್ಲದವರಿಗೆ ಎಂದು ಕೆಲವರು. ಶ್ರದ್ಧೆ ಸಾಲದವರಿಗೆ ಎಂದು ಮತ್ತೆ ಕೆಲವರು. ಈ ಎರಡನೆಯ ಉತ್ತರಕ್ಕೆ ನಮ್ಮಲ್ಲಿ ಪುರಾತನವಾದ ಬೇರುಂಟು. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಪಾಂಡವರು ಹಿಮವಂತವನ್ನು ದಾಟಿ ನಡೆಯುತ್ತಿರುವಾಗ ಮೊದಲು ದ್ರೌಪದಿ, ಬಳಿಕ ಸಹದೇವ, ನಕುಲ, ಅರ್ಜುನ, ಕಡೆಗೆ ಭೀಮ ಹೀಗೆ ಒಬ್ಬೊಬ್ಬರಾಗಿ ಬೀಳುತ್ತಾರೆ. ಏಕೆ ಬಿದ್ದರೆಂದು ಭೀಮನು ಕೇಳಿದಂತೆಲ್ಲ ಧರ್ಮರಾಯನು ಒಬ್ಬೊಬ್ಬರ ಮೇಲೂ ಒಂದೊಂದು ದೋಷವನ್ನು ಹೇಳುತ್ತಾನೆ. ಒಬ್ಬಳಿಗೆ ಪಕ್ಷಪಾತ, ಒಬ್ಬನಿಗೆ ಪ್ರಜ್ಞೆಯ ಹೆಮ್ಮೆ, ಒಬ್ಬನಿಗೆ ರೂಪದ ಹೆಮ್ಮೆ, ಒಬ್ಬನಿಗೆ ಶೌರ್ಯದ ಹೆಮ್ಮೆ, ಭೀಮನಿಗೆ ಹೊಟ್ಟೆಬಾಕತನ. ಹಾಗೆ ಹೇಳಿ, ಹಿಂದಿರುಗಿ ನೋಡದೆ ಮುಂದೆ ನಡೆಯುತ್ತಾನೆ. ಕಾವ್ಯದ ಅರ್ಥಕ್ಕೆ ಅದು ಸರಿಯೇ. ಅವರು ಹೊರಟಿದ್ದು ಹಿಂದಿರುಗುವ ಯಾತ್ರೆಗಲ್ಲವಷ್ಟೆ. ಆದರೆ ಹಿಂದಿರುಗಿ ಬರಬೇಕಾದ ಯಾತ್ರೆಯಲ್ಲಿ ಯಾರಾದರೂ ಬಿದ್ದಾಗ ಅವರ ಭಕ್ತಿಯನ್ನು ತೂಗಿ ನೋಡುವುದು ಅವಿವೇಕ. ಹಿಂದಿರುಗಿ ನೋಡದಿರುವುದು ಕ್ರೌರ್ಯ.

ವೈದ್ಯರು ಎಣಿಸಿ ನೋಡಿದ ಲೆಕ್ಕವು ಬೇರೆಯೇ ಆಗಿದೆ. 1962ರ ಚೀನಾ ಯುದ್ಧಕಾಲದಲ್ಲಿ ಬಯಲುಸೀಮೆಯಲ್ಲಿದ್ದ ನಮ್ಮ ಸೈನಿಕರನ್ನು ತ್ವರೆಯಿಂದ ಹಿಮಾಲಯಕ್ಕೆ ಕಳುಹಿಸಬೇಕಾಯಿತು. ಆ ವರ್ಷಗಳಲ್ಲಿ 11,000 ಅಡಿಗಳಿಂದ 18,000 ಅಡಿಗಳವರೆಗೆ ಹೋದವರಲ್ಲಿ ಕಂಡ 1,925 ರೋಗಿಗಳ ವಿವರವನ್ನು ಭಾರತೀಯ ಸೇನೆಯ ವೈದ್ಯರಾದ ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಪ್ರಕಟಿಸಿದರು. ಆ ಲೇಖನವು ಇಂದಿಗೂ ಈ ಶಾಸ್ತ್ರದ ಮೂಲಗ್ರಂಥಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಇವರೆಲ್ಲರೂ ಆಯ್ದು ತೆಗೆದ ಸೈನಿಕರು, ದೃಢಕಾಯರು, ತರುಣರು ಎಂಬುದನ್ನು ವಾಚಕರು ಗಮನಿಸಬೇಕು. ಅನಂತರ, 1976ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ, ಹ್ಯಾಕೆಟ್ ಮೊದಲಾದ ವೈದ್ಯರು ಎವರೆಸ್ಟಿನ ದಾರಿಯಲ್ಲಿ ಸುಮಾರು 13,900 ಅಡಿಗಳ ಫೆರಿಚೆ ಎಂಬ ಹಳ್ಳಿಯಲ್ಲಿ 278 ಮಂದಿ ಚಾರಣಿಗರನ್ನು ಪರೀಕ್ಷಿಸಿದರು. ನೂರಕ್ಕೆ 53 ಮಂದಿಗೆ ಬೇನೆಯಿತ್ತು. ಯಾರಲ್ಲಿ ಹೆಚ್ಚು? ಎಳೆಯ ವಯಸ್ಸಿನವರಲ್ಲಿ, ವಿಮಾನದಲ್ಲಿ ಬಂದು 9,000 ಅಡಿಗಳ ಮೇಲೆ ಇಳಿದವರಲ್ಲಿ, ಬೇಗಬೇಗ ಹತ್ತಿದವರಲ್ಲಿ, ಒಗ್ಗಿಕೊಳ್ಳುವುದಕ್ಕೆ ಕಡಮೆ ರಾತ್ರಿಗಳನ್ನು ಕಳೆದವರಲ್ಲಿ. ಗಂಡಸು ಹೆಂಗಸು ಎಂಬ ಭೇದವಾಗಲಿ, ಬೆನ್ನಿನ ಮೇಲೆ ಹೊತ್ತ ಭಾರವಾಗಲಿ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಆದುದರಿಂದ ಅಪಾಯದ ಕಾರಣಗಳಲ್ಲಿ ಅಗ್ರಸ್ಥಾನವು ಆರೋಹಣದ ವೇಗಕ್ಕೆ ಸಲ್ಲುತ್ತದೆ. ಅದರಲ್ಲಿಯೂ ಹಗಲು ಎಷ್ಟು ಎತ್ತರ ಮುಟ್ಟಿದೆವು ಎಂಬುದಕ್ಕಿಂತ ರಾತ್ರಿ ಯಾವ ಎತ್ತರದಲ್ಲಿ ಮಲಗಿದೆವು ಎಂಬುದು ಮುಖ್ಯ. ನಿದ್ರೆಯಲ್ಲಿ ಉಸಿರು ಮಂದವಾಗುವುದೇ ಇದಕ್ಕೆ ಕಾರಣ. 10,000 ಅಡಿಗಳನ್ನು ದಾಟಿದ ಮೇಲೆ ಮಲಗುವ ಸ್ಥಾನವನ್ನು ದಿನಕ್ಕೆ 1,600 ಅಡಿಗಳಿಗಿಂತ ಹೆಚ್ಚಾಗಿ ಏರಿಸಕೂಡದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದೇ ಕಡೆ ಎರಡು ರಾತ್ರಿ ತಂಗಬೇಕು ಎಂದು ವೈದ್ಯರು ವಿಧಿಸಿದ್ದಾರೆ. ನಮ್ಮ ಸೇನೆಯ ಕ್ರಮವು ಇದಕ್ಕಿಂತ ಕಟ್ಟುನಿಟ್ಟು: 9,000ದಿಂದ 12,000 ಅಡಿಗಳ ನಡುವೆ ಆರು ದಿನ, 15,000 ಅಡಿಗಳವರೆಗೆ ಮತ್ತೆ ನಾಲ್ಕು ದಿನ, ಅದರ ಮೇಲೆ ಹೋಗುವುದಾದರೆ ಇನ್ನೂ ನಾಲ್ಕು ದಿನ. ಹದಿನಾಲ್ಕು ದಿನ ರಜೆ ಎಲ್ಲಿಂದ ಬರಬೇಕೆಂದು ಗೃಹಸ್ಥರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಶ್ವಾಸಕೋಶಗಳಿಗೆ ನಮ್ಮ ರಜೆಯ ಲೆಕ್ಕ ತಿಳಿಯದು.

ಇಲ್ಲಿ ಒಂದು ವಿಚಿತ್ರವನ್ನು ನೋಡಿರಿ. ಭಾರತ ಸರಕಾರವು 1981ರಲ್ಲಿ ಆರಂಭಿಸಿದ ಕೈಲಾಸಯಾತ್ರೆಯಲ್ಲಿ ಯಾತ್ರಿಕರು ಕುಮಾವೂನಿನ ಕಣಿವೆಗಳಲ್ಲಿ ದಿನಗಟ್ಟಲೆ ಕಾಲ್ನಡಿಗೆಯಿಂದಲೇ ಏರುತ್ತ ಲಿಪುಲೇಖದ ಕಣಿವೆಯನ್ನು ಸೇರುತ್ತಿದ್ದರು. ಆ ನಡಿಗೆಯ ಕಷ್ಟವೇ ಅವರಿಗೆ ಔಷಧವಾಗಿತ್ತು. ದೇಹವು ಹೆಜ್ಜೆಹೆಜ್ಜೆಗೂ ಒಗ್ಗುತ್ತಿತ್ತು. 2020ರಲ್ಲಿ ಧಾರಚೂಲದಿಂದ ಲಿಪುಲೇಖದ ಕಡೆಗೆ ಮೋಟಾರು ರಸ್ತೆ ತೆರೆಯಿತು. ಯಾತ್ರೆಯು ಆ ವರ್ಷದಿಂದ ನಿಂತಿದ್ದು 2025ರಲ್ಲಿ ಪುನಃ ಆರಂಭವಾಗಿದೆ. ನೇಪಾಳದ ಮಾರ್ಗದಲ್ಲಂತೂ ಖಾಸಗಿ ಯಾತ್ರಾ ಕಂಪೆನಿಗಳವರು ಸಿಮಿಕೋಟೆಯಿಂದ ಹಿಲ್ಸಾಕ್ಕೆ ಹೆಲಿಕಾಪ್ಟರಿನಲ್ಲಿ ಹಾರಿಸಿ, ಅಲ್ಲಿಂದ ಮೋಟಾರಿನಲ್ಲಿ ಸರೋವರದ ತೀರಕ್ಕೆ ಒಯ್ಯುತ್ತಾರೆ. 2018ರ ಜುಲೈಯಲ್ಲಿ ಹವೆ ಕೆಟ್ಟು ಹೆಲಿಕಾಪ್ಟರುಗಳು ನಿಂತಾಗ ನೂರಾರು ಕನ್ನಡಿಗರು ಇದೇ ಸಿಮಿಕೋಟೆ, ಹಿಲ್ಸಾಗಳಲ್ಲಿ ಸಿಕ್ಕಿಕೊಂಡು ಮನೆಯವರೆಲ್ಲ ತಲ್ಲಣಿಸಿದುದು ಓದುಗರಿಗೆ ನೆನಪಿರಬಹುದು. ಬೇನೆ ಬಂದರೆ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆಯಾಗಿರುವಾಗ, ಇಳಿಯುವುದಕ್ಕೆ ಹೆಲಿಕಾಪ್ಟರಿನ ಹೊರತು ಬೇರೆ ಸುಲಭೋಪಾಯವಿಲ್ಲದ ಸ್ಥಳದಲ್ಲಿ ಸಿಕ್ಕಿಬೀಳುವುದೂ ಒಂದು ಅಪಾಯವೆಂದೇ ಎಣಿಸಬೇಕು. 11,750 ಅಡಿಗಳ ಕೇದಾರಕ್ಕೂ ಈಗ ತಪ್ಪಲಿನಿಂದ ಕೆಲವೇ ನಿಮಿಷಗಳಲ್ಲಿ ಹಾರಿಹೋಗಬಹುದು. ದರ್ಶನ ಮುಗಿಸಿ ಅಂದೇ ಇಳಿದರೆ ಭಯ ಅಲ್ಪ. ಅಲ್ಲಿಯೇ ರಾತ್ರಿ ತಂಗುವವರು ಹುಷಾರಾಗಿರಬೇಕು. ಬೆಂಗಳೂರಿನಿಂದ ದೆಹಲಿಯ ಮೂಲಕ ಒಂದೇ ದಿನದಲ್ಲಿ ಲೇಹ್ ಮುಟ್ಟುವವರು ಮೊದಲ ಎರಡು ದಿನ ಹೊಟೆಲಿನಲ್ಲಿ ಸುಮ್ಮನೆ ಬಿದ್ದುಕೊಂಡಿರುವುದು ಸೋಮಾರಿತನವಲ್ಲ.

ಎರಡನೆಯ ಕಾರಣವು ಪೂರ್ವಾನುಭವ. ಹಿಂದೊಮ್ಮೆ ಇದೇ ಬಗೆಯ ಆರೋಹಣದಲ್ಲಿ ಬೇನೆ ಬಂದವರಿಗೆ ಪುನಃ ಬರುವ ಸಂಭವವು ಹೆಚ್ಚು. ಶ್ವಾಸಕೋಶದಲ್ಲಿ ನೀರು ತುಂಬಿದವರ ವಿಷಯದಲ್ಲಿ ಈ ಮಾತು ಬಹಳ ನಿಜ. ಅವರು ವೈದ್ಯರನ್ನು ಕೇಳದೆ ಮತ್ತೆ ಹೊರಡಲೇಬಾರದು. ದೇಹಪ್ರಕೃತಿಯು ಮನುಷ್ಯರಿಂದ ಮನುಷ್ಯರಿಗೆ ಭಿನ್ನವಾಗಿರುತ್ತದೆ. ಒಂದೇ ತಾಯಿಯ ಮಕ್ಕಳು ಒಂದೇ ಡೇರೆಯಲ್ಲಿ ಮಲಗಿದ್ದರೂ ಒಬ್ಬನು ಹಾಡುತ್ತಿರುವನು, ಒಬ್ಬನು ಕಾರುತ್ತಿರುವನು. ಟಿಬೆಟಿನವರು ಸಹಸ್ರಾರು ವರ್ಷ ಅಲ್ಲಿ ಬಾಳಿ ವಂಶಪಾರಂಪರ್ಯವಾಗಿಯೇ ಆ ವಾಯುವಿಗೆ ಹೊಂದಿಕೊಂಡಿದ್ದಾರೆ. ನಮಗೆ ಆ ಭಾಗ್ಯವಿಲ್ಲ.

ವ್ಯಾಯಾಮದ ವಿಷಯದಲ್ಲಿ ತರುಣರು ಮುನಿಸಿಕೊಳ್ಳಬಾರದು. ಪ್ರತಿದಿನ ಓಡುವವನ ಕಾಲು ಬಲವಾಗಿರುವುದು ನಿಜ, ಅವನಿಗೆ ದಾರಿಯು ಸುಲಭವಾಗುವುದೂ ನಿಜ. ಆದರೆ ಎತ್ತರದ ಬೇನೆಯಿಂದ ಆ ಬಲವು ಕಾಪಾಡದು. ಬಲವುಳ್ಳವನೇ ಮುಂದೆ ಮುಂದೆ ಧಾವಿಸಿ ಮೊದಲು ಹಾಸಿಗೆ ಹಿಡಿಯುವುದುಂಟು. ಅರುವತ್ತು ದಾಟಿದ ನಮ್ಮಂಥವರು ಮೆಲ್ಲಗೆ ನಡೆಯುವುದರಿಂದ ಕೆಲವು ವೇಳೆ ಮೇಲು. ಹೊಸ ಎತ್ತರವನ್ನು ಮುಟ್ಟಿದ ದಿನವೇ ಅತಿಯಾಗಿ ಶ್ರಮಿಸುವುದು, ಚಳಿಗೆ ಮೈಯೊಡ್ಡುವುದು, ನೆಗಡಿ ಕೆಮ್ಮು ಎದೆಗಿಳಿದಿರುವಾಗ ಹತ್ತುವುದು, ಮದ್ಯಪಾನ ಮಾಡುವುದು, ನಿದ್ರೆ ಬಾರದೆಂದು ನಿದ್ರೆಯ ಗುಳಿಗೆ ನುಂಗಿ ಉಸಿರನ್ನು ಮತ್ತಷ್ಟು ಮಂದಗೊಳಿಸುವುದು, ಇವೆಲ್ಲ ಅಪಾಯಕ್ಕೆ ಒತ್ತಾಸೆಗಳು. ಅತಿ ಸ್ಥೂಲದೇಹಿಗಳಿಗೂ ಅಪಾಯ ಹೆಚ್ಚೆಂದು ತೋರುತ್ತದೆ.

ಮೊದಲೇ ಇರುವ ವ್ಯಾಧಿಗಳ ಮಾತು ಬೇರೆ. ಹೃದಯರೋಗ, ಶ್ವಾಸಕೋಶಗಳ ಹಳೆಯ ರೋಗ, ತೀವ್ರವಾದ ರಕ್ತಹೀನತೆ ಇರುವವರಿಗೆ ಎತ್ತರದ ತೆಳುವಾಯುವು ಇರುವ ರೋಗವನ್ನೇ ಉಲ್ಬಣಗೊಳಿಸುತ್ತದೆ. ಹತೋಟಿಯಲ್ಲಿರುವ ರಕ್ತದೊತ್ತಡವಾಗಲಿ ಸಿಹಿಮೂತ್ರವಾಗಲಿ ಯಾತ್ರೆಗೆ ಅಡ್ಡಿಯೇ ಆಗಬೇಕೆಂದಿಲ್ಲ; ಆದರೆ ವೈದ್ಯರ ಅನುಮತಿ ಬೇಕು, ಇನ್ಸುಲಿನ್ ಹೆಪ್ಪುಗಟ್ಟದಂತೆ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ಸರಕಾರದ ಕೈಲಾಸಯಾತ್ರೆಗೆ ದೆಹಲಿಯಲ್ಲಿ ಒಂದು ಪರೀಕ್ಷೆ, ಆ ಬಳಿಕ ಗುಂಜಿಯೆಂಬ ಎತ್ತರದ ಶಿಬಿರದಲ್ಲಿ ಮತ್ತೊಂದು ಪರೀಕ್ಷೆ ಮಾಡುವ ಪದ್ಧತಿಯಿರುವುದು ಇದಕ್ಕಾಗಿಯೇ. ಅಮರನಾಥದ ಆಡಳಿತ ಮಂಡಳಿಯು ಆರೋಗ್ಯದ ಸರ್ಟಿಫಿಕೇಟಿಲ್ಲದೆ ಯಾರನ್ನೂ ಬಿಡುವುದಿಲ್ಲ. 13 ವರ್ಷದೊಳಗಿನ ಮಕ್ಕಳಿಗೂ 70 ದಾಟಿದವರಿಗೂ ಆರು ವಾರ ಮೀರಿದ ಗರ್ಭಿಣಿಯರಿಗೂ ಅಲ್ಲಿ ಪ್ರವೇಶವಿಲ್ಲ. ಪರಿಚಯದ ವೈದ್ಯರಿಂದ ಪರೀಕ್ಷೆಯಿಲ್ಲದೆ ಸರ್ಟಿಫಿಕೇಟು ಬರೆಯಿಸಿಕೊಳ್ಳುವವರು ಮೋಸಪಡಿಸುವುದು ಮಂಡಳಿಯನ್ನಲ್ಲ, ತಮ್ಮ ಹೆಂಡತಿ ಮಕ್ಕಳನ್ನು.

ಹಿಮಾಲಯದ ದುರಂತಗಳೆಲ್ಲವೂ ಈ ಬೇನೆಯಿಂದ ಆದುವೆಂದು ಭಾವಿಸಬಾರದು. 2024ರ ಜೂನ್ ತಿಂಗಳಿನಲ್ಲಿ ಉತ್ತರಾಖಂಡದ ಸಹಸ್ರತಾಲಿಗೆ ಹೋದ, ಕರ್ನಾಟಕದ ಚಾರಣಿಗರಿದ್ದ 22 ಮಂದಿಯ ತಂಡದಲ್ಲಿ 9 ಮಂದಿ ಅಸುನೀಗಿದುದು ಮುಖ್ಯವಾಗಿ ಹಿಮದ ಬಿರುಗಾಳಿಗೆ ಸಿಕ್ಕಿ. 2016ರಲ್ಲಿ ಸಿಯಾಚಿನ್‌ನಲ್ಲಿ ನಮ್ಮ ಹಾಸನದ ತೇಜೂರಿನ ಯೋಧರೊಬ್ಬರೂ ಸೇರಿದಂತೆ ಸೈನಿಕರು ಮಡಿದುದು ಹಿಮರಾಶಿ ಕುಸಿದು. ಅವು ಬೇರೆ ಅಪಾಯಗಳು. ಆದರೂ ಎತ್ತರವು ಬುದ್ಧಿಯನ್ನು ಮಂಕುಗೊಳಿಸುವುದರಿಂದ ಗಾಳಿ ಚಳಿಗಳ ನಡುವೆ ಸರಿಯಾದ ನಿರ್ಧಾರ ಮಾಡುವುದು ಅಲ್ಲಿ ಇನ್ನಷ್ಟು ಕಷ್ಟ.

ಕರ್ಪೂರದ ವಿಷಯವನ್ನು ಗೃಹಿಣಿಯರು ಕೇಳಿಯೇ ಕೇಳುವರು. ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಮೂಸುತ್ತ ಹೋಗುವುದು ನಮ್ಮ ಯಾತ್ರಿಕರಲ್ಲಿ ಬಹಳ ರೂಢಿಯಾಗಿದೆ. ಮೂಗಿಗೆ ತಂಪೆನಿಸುವುದು ನಿಜ. ಅದರಿಂದ ರಕ್ತದಲ್ಲಿ ಆಮ್ಲಜನಕವು ಹೆಚ್ಚಿದುದಕ್ಕೆ ಪ್ರಮಾಣವಿಲ್ಲ, ನುಂಗಿದರೆ ಅದು ವಿಷ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಕೋವಿಡ್ ಕಾಲದಿಂದ ಅನೇಕ ಮನೆಗಳಲ್ಲಿದೆ. ಅದನ್ನು ಒಯ್ಯಬಹುದು, ಆದರೆ ಊರಿನಲ್ಲಿ ಭಯಹುಟ್ಟಿಸುವ ಅಂಕೆಯು ಸರೋವರದ ಬಳಿ ಆರೋಗ್ಯವಂತನಲ್ಲಿಯೂ ಕಾಣುವುದರಿಂದ ಅಂಕೆಗಿಂತ ಮನುಷ್ಯನ ಸ್ಥಿತಿಯನ್ನೇ ನೋಡಬೇಕು. ಪ್ರಮಾಣಸಿದ್ಧವಾದ ಔಷಧವೆಂದರೆ ಅಸೆಟಜೋಲಮೈಡ್. ಅದು ಮೂತ್ರಪಿಂಡಗಳಿಂದ ಕ್ಷಾರವನ್ನು ಬೇಗ ಹೊರಹಾಕಿಸಿ, ಒಗ್ಗಿಕೊಳ್ಳುವ ಕೆಲಸವನ್ನು ತ್ವರೆಗೊಳಿಸುತ್ತದೆ. ಏರುವ ಹಿಂದಿನ ದಿನವೇ ಆರಂಭಿಸುವುದು ವಾಡಿಕೆ. ಸಲ್ಫಾ ಔಷಧಗಳು ಒಗ್ಗದವರು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ಇದು ಕೂಡ ಅವಸರದ ಆರೋಹಣಕ್ಕೆ ರಹದಾರಿಯಲ್ಲ.

ಇಷ್ಟೆಲ್ಲ ಕಾರಣಗಳಿಗಿಂತಲೂ ಅಪಾಯಕರವಾದುದೊಂದು ಯಾವ ಯಂತ್ರಕ್ಕೂ ಸಿಕ್ಕುವುದಿಲ್ಲ. ಅದು ಮುಚ್ಚಿಡುವುದು. ಬಹು ಹಣ ವೆಚ್ಚಮಾಡಿ ಬಂದಿರುತ್ತಾರೆ, ಹೊರಡುವಾಗ ಊರಿನವರೆಲ್ಲ ಹಾರ ಹಾಕಿ ಕಳುಹಿಸಿರುತ್ತಾರೆ, ಪುನಃ ಬರುವ ಯೋಗ ಉಂಟೋ ಇಲ್ಲವೋ! “ತಲೆನೋವೆಂದು ಹೇಳಿದರೆ ಕೆಳಕ್ಕೆ ಕಳುಹಿಸಿಬಿಟ್ಟಾರು” ಎಂದು ಬಾಯಿ ಮುಚ್ಚಿಕೊಂಡಿರುತ್ತಾರೆ. ಅತ್ತೆಯವರು ಸೊಸೆಗೆ ಹೇಳರು, ಗಂಡಸರು ಯಾರಿಗೂ ಹೇಳರು. ತಂಡದ ಉಳಿದವರೂ ಒಬ್ಬರಿಗಾಗಿ ಎಲ್ಲರ ದರ್ಶನ ತಪ್ಪಬಾರದೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾರೆ. ಆದಕಾರಣ ಹೊರಡುವ ಮೊದಲೇ ಮನೆಯವರು ಕುಳಿತು ಮಾತನಾಡಿಕೊಳ್ಳಬೇಕು. ಒಬ್ಬರಿಗೆ ಬೇನೆ ಬಂದರೆ ಅವರೊಡನೆ ಇಳಿಯುವವರು ಯಾರೆಂದು ಗೊತ್ತುಮಾಡಿಕೊಳ್ಳಬೇಕು. ರೋಗಿಯನ್ನು ಒಬ್ಬನನ್ನೇ ಕಳುಹಿಸಲೂಬಾರದು, ಒಬ್ಬನನ್ನೇ ಬಿಟ್ಟು ಮುಂದೆ ಹೋಗಲೂಬಾರದು.

ಪ್ರತಿ ಸಂಜೆಯೂ ಒಬ್ಬರನ್ನೊಬ್ಬರು ನೋಡಿಕೊಳ್ಳುವುದಕ್ಕೆ ಒಂದು ಸುಲಭವಾದ ಪರೀಕ್ಷೆಯಿದೆ. ಸಮನೆಲದಲ್ಲಿ ಒಂದು ಗೆರೆಯೆಳೆದು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳಿಗೆ ತಾಗಿಸುತ್ತ ಹತ್ತು ಹೆಜ್ಜೆ ನಡೆಯಿಸಬೇಕು. ಊರಿನಲ್ಲಿ ನೆಟ್ಟಗೆ ನಡೆಯುತ್ತಿದ್ದವರು ಅಲ್ಲಿ ಗೆರೆ ತಪ್ಪಿ ತೂರಾಡಿದರೆ ಬೆಳಗಾಗುವುದನ್ನು ಕಾಯಕೂಡದು. ಆಮ್ಲಜನಕದ ಸಿಲಿಂಡರಿದ್ದರೆ ಕೊಡುತ್ತ, ಆ ರಾತ್ರಿಯೇ ಕನಿಷ್ಠ 1,000 ಅಡಿ, ಸಾಧ್ಯವಾದರೆ 3,000 ಅಡಿಗಳಷ್ಟು ಕೆಳಕ್ಕೆ ಇಳಿಸಬೇಕು. ಕುಳಿತಲ್ಲಿಯೇ ಏದುಸಿರು ಬಂದವರನ್ನು ಶ್ರಮವಾಗದಂತೆ ಕುದುರೆಯ ಮೇಲೋ ವಾಹನದಲ್ಲಿಯೋ ಒಯ್ಯಬೇಕು. ಕಾಳಿದಾಸನ ಕುಮಾರಸಂಭವದ ಮೊದಲ ಸರ್ಗವನ್ನು ಮೂವತ್ತು ವರ್ಷ ಪಾಠ ಹೇಳಿದ ನನಗೆ ಅಲ್ಲಿಯ ಹಿಮವಂತದಲ್ಲಿ ಮೇಘಗಳೂ ಗುಹೆಗಳೂ ಹೊಳೆಯುವ ಓಷಧಿಗಳೂ ಕಂಡಿವೆ. ತಲೆನೋವು ಮಾತ್ರ ಎಲ್ಲಿಯೂ ಕಾಣಲಿಲ್ಲ. ಅಲ್ಲಿರುವವರು ಕಿನ್ನರರು, ವಿದ್ಯಾಧರರು.

ಕಡೆಯದಾಗಿ, ಹಿಂದೆ ಹೋಗಿಬಂದವರಿಗೆ ಒಂದು ಸೂಚನೆ. ಎತ್ತರದಲ್ಲಿ ದೇಹವು ಗಳಿಸಿದ ಒಗ್ಗಿಕೆಯು ಊರಿಗೆ ಬಂದ ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಹೋದ ವರ್ಷ ಡೋಲ್ಮಾ ಕಣಿವೆಯನ್ನು ನಗುನಗುತ್ತ ದಾಟಿದವರೂ ಈ ವರ್ಷ ಮೊದಲ ರಾತ್ರಿಯಿಂದಲೇ ಪುನಃ ಆರಂಭಿಸತಕ್ಕದ್ದು.